ಪಹಣಿ ಗೆದ್ದ ದಾರಿ

ಬೆಳೆಸಾಲಕ್ಕೆ ಅರ್ಜಿ ಹಾಕಲಿ, ಕೋರ್ಟಿನಲ್ಲಿ ಜಾಮೀನು ನಿಲ್ಲಲಿ, ಗುಬ್ಬಿಯ ತೆಂಗು ಬೆಳೆಗಾರನಿಗೂ ಕುಣಿಗಲ್‌ನ ರಾಗಿ ಬೆಳೆಗಾರನಿಗೂ ಪಹಣಿ ಬೇಕೇ ಬೇಕು. ಕಾಲು ಶತಮಾನದ ಹಿಂದೆ ಅದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಅವರು ಸಿಗುವವರೆಗೆ ಕಾಯಬೇಕು, ಸಿಕ್ಕ ಮೇಲೆ ಎಷ್ಟೋ ಕಡೆ ಕೈ ಬಿಸಿಯನ್ನೂ ಮಾಡಬೇಕಿತ್ತು.

ಕಂಪ್ಯೂಟರ್ ತಂದ ಕೂಡಲೇ ಇದು ಸರಿಹೋಗಲಿಲ್ಲ. 1991ರಲ್ಲೇ ಗುಲ್ಬರ್ಗದಲ್ಲಿ ಭೂದಾಖಲೆ ಗಣಕೀಕರಣದ ಪ್ರಯೋಗ ನಡೆದಿತ್ತು. ತಾಲ್ಲೂಕು ಮಟ್ಟದಲ್ಲಿ ಕಂಪ್ಯೂಟರ್ ಇಡುವ ವ್ಯವಸ್ಥೆ ಇರಲಿಲ್ಲವಾದ್ದರಿಂದ ಅದು ಸೋತಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ ‘ಭೂಮಿ’ ಯೋಜನೆ ಗುರಿಯನ್ನು ಮೊದಲು ಗೊತ್ತುಮಾಡಿಕೊಂಡಿತು: ಕೇಳಿದ ರೈತನಿಗೆ ಸರಿಯಾದ ಪಹಣಿ ತಕ್ಷಣ ಸಿಗಬೇಕು. ತಾಲ್ಲೂಕು ಕಚೇರಿಯ ಕಿಯಾಸ್ಕ್‌ನಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಸಿಬ್ಬಂದಿ ಏನು ತೆರೆದಿದ್ದಾರೆಂದು ರೈತನೂ ನೋಡುವಂತೆ ಅವನತ್ತ ಮುಖಮಾಡಿದ ಇನ್ನೊಂದು ಪರದೆ ಇತ್ತು. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿಯೇ ಮೊದಲು ವಿಲೇವಾರಿಯಾಗಬೇಕಿತ್ತು. ದಾಖಲೆ ತಿದ್ದುವವರು ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು.

ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಅಧಿಕಾರದ ಬೇರು ಆ ಪುಸ್ತಕದಲ್ಲೇ ಇತ್ತು. ಅವರು ಅಳುಕಿದ್ದು ಸಹಜ. ಅವರಿಗಾಗಿ ರಾಜ್ಯದುದ್ದಕ್ಕೂ ಕಾರ್ಯಾಗಾರಗಳು ನಡೆದವು. ಗಣಕಕ್ಕೆ ಏರಿಸಿದ ದಾಖಲೆಯ ಪ್ರತಿಯನ್ನು ಅವರಿಗೇ ಕೊಟ್ಟು, ಮೂಲದೊಂದಿಗೆ ತಾಳೆ ನೋಡಿಸಿ, ಸಹಿ ಹಾಕಿಸಲಾಯಿತು. ಹಾಗಾಗಿ ಹೊಸ ದಾಖಲೆಯ ಹೊಣೆ ಅವರದೂ ಆಯಿತು. ಆನಂತರವೇ ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಎರಡೂ ಜೊತೆಜೊತೆಗೆ ನಡೆದಿದ್ದರೆ ಹಳೆಯದೇ ಗೆಲ್ಲುತ್ತಿತ್ತು. ಹಿಂದೆ ಮೂವರಲ್ಲಿ ಇಬ್ಬರು ಲಂಚ ಕೊಡುತ್ತಿದ್ದರೆ, ಕಿಯಾಸ್ಕ್ ಬಂದ ಮೇಲೆ ಕೊಟ್ಟವರು ನೂರಕ್ಕೆ ಮೂವರು ಎಂದು ಪಬ್ಲಿಕ್ ಅಫೇರ್ಸ್ ಸೆಂಟರ್‌ನ ಅಧ್ಯಯನ ಕಂಡುಕೊಂಡಿತು.

2024ರ ಸೆಪ್ಟೆಂಬರ್‌ನಲ್ಲಿ ಅದೇ ಗ್ರಾಮ ಲೆಕ್ಕಿಗರ ಹುದ್ದೆಯವರು, ಅಂದರೆ ಇಂದಿನ ಗ್ರಾಮ ಆಡಳಿತ ಅಧಿಕಾರಿಗಳು, ರಾಜ್ಯದಾದ್ಯಂತ ಮುಷ್ಕರಕ್ಕೆ ಕೂತರು. ಒಂದೊಂದು ಕೆಲಸಕ್ಕೆ ಒಂದೊಂದು ಆ್ಯಪ್ ಹೇರಿ, ಬೇಕಾದ ಮೊಬೈಲ್, ಲ್ಯಾಪ್‌ಟಾಪ್, ಕಚೇರಿ ಸೌಲಭ್ಯ ಕೊಟ್ಟಿಲ್ಲ ಎಂಬುದು ಅವರ ದೂರು. ಇದನ್ನು ತಂತ್ರಜ್ಞಾನದ ಮೇಲಿನ ಸಿಟ್ಟೆಂದು ತಳ್ಳಿಹಾಕುವುದು ಅನ್ಯಾಯ. ಕೆಲಸದ ಭಾರ ಬೀಳುವುದು ಎಲ್ಲಿ ಎಂದು ಮೇಲಿನವರಿಗೆ ತಿಳಿಸುವುದೇ ಇಂಥ ಪ್ರತಿರೋಧ.

ತುಮಕೂರಿನ ಜಿಲ್ಲಾಡಳಿತಕ್ಕೂ ವಸಂತನರಸಾಪುರದ ಕಾರ್ಖಾನೆಗಳಿಗೂ ಇದರಲ್ಲಿ ಪಾಠವಿದೆ. ಹೊಸ ಸಾಫ್ಟ್‌ವೇರ್ ಕೊಳ್ಳುವ ಮುನ್ನ ಅದು ಯಾರ ಯಾವ ಕಷ್ಟ ನೀಗಿಸುತ್ತದೆ, ಯಾವ ಹಳೆಯ ರಿಜಿಸ್ಟರ್ ಮುಚ್ಚಿಸುತ್ತದೆ ಎಂದು ಬರೆದಿಡಬೇಕು. ಅದನ್ನು ದಿನವಿಡೀ ಬಳಸುವವರನ್ನು ಕೂರಿಸಿಕೊಂಡು, ಅವರ ಮಾತು ಕೇಳಿದ ಮೇಲೆಯೇ ಆದೇಶಕ್ಕೆ ಸಹಿ ಬೀಳಬೇಕು.