ಲಾಭ ಇದೆ, ಗಲ್ಲಾದಲ್ಲಿಲ್ಲ!

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದರೂ ಅಕ್ಕ ಕಾಮರ್ಸ್ ತೆಗೆದುಕೊಂಡಾಗ ನೆಂಟರೆಲ್ಲ ‘ಯಾಕೆ, ಸೈನ್ಸ್ ಸೀಟು ಸಿಗಲಿಲ್ವಾ?’ ಎಂದಿದ್ದರು. ಮುಂದೆ ನಾನು ಬಿಇ ಸೇರಿದಾಗ ಅವರೇ ಬೆನ್ನು ತಟ್ಟಿದರು.

ಕಳೆದ ವರ್ಷ ಅಪ್ಪನ ಕಿರಾಣಿ ಅಂಗಡಿಯಲ್ಲಿ ವ್ಯಾಪಾರ ಜೋರಾಗಿದ್ದರೂ ಸಗಟು ವ್ಯಾಪಾರಿಗೆ ಕೊಡಲು ದುಡ್ಡಿರಲಿಲ್ಲ. ಅಂಗಡಿ ಮುಚ್ಚುವ ಮಾತೂ ಬಂತು. ಇಂಟಿಗ್ರೇಷನ್ ಬಿಡಿಸುವ ನನಗೆ ಕಾರಣ ಹೊಳೆಯಲಿಲ್ಲ. ಬಿಕಾಂ ಕೊನೆಯ ವರ್ಷದಲ್ಲಿದ್ದ ಅಕ್ಕ ಎರಡು ಭಾನುವಾರ ಕೂತು ಲೆಕ್ಕದ ಪುಸ್ತಕ ತಿರುವಿ ಹೇಳಿದಳು: ‘ಅಪ್ಪಾ, ಲಾಭ ಇದೆ. ಆದರೆ ಅದು ಗಲ್ಲಾದಲ್ಲಿಲ್ಲ, ಉದ್ರಿ ಪುಸ್ತಕದಲ್ಲಿದೆ.’ ಉದ್ರಿಗೆ ಮಿತಿ ಹಾಕಿದೆವು, ಅಂಗಡಿ ಉಳಿಯಿತು.

ಬಿಕಾಂ ಓದಿದವರಿಗೆ ಬ್ಯಾಂಕ್, ಆಡಿಟ್ ಕಚೇರಿ, ಜಿಎಸ್‌ಟಿ ಕೆಲಸಗಳ ಜೊತೆ ಸಿಎ, ಸಿಎಂಎ ದಾರಿಗಳಿವೆ. ಶೇ 55 ಅಂಕ ಪಡೆದ ವಾಣಿಜ್ಯ ಪದವೀಧರರು ಫೌಂಡೇಷನ್ ಪರೀಕ್ಷೆ ಬರೆಯದೆ ನೇರವಾಗಿ ಸಿಎ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಬೇರೆ ಪದವೀಧರರಿಗೆ ಶೇ 60 ಬೇಕು. ಅಂದರೆ ನಮ್ಮಂಥ ಎಂಜಿನಿಯರ್‌ಗಳಿಗೂ ಬಾಗಿಲು ತೆರೆದಿದೆ! ಇಂಟರ್ ಪಾಸಾದ ಮೇಲೆ ಸ್ಟೈಪೆಂಡ್ ಸಹಿತ ಎರಡು ವರ್ಷದ ಆರ್ಟಿಕಲ್‌ಶಿಪ್, ನಂತರ ಫೈನಲ್. ಸುಲಭವಲ್ಲ, ಒಂದೇ ಸಲಕ್ಕೆ ಪಾಸಾಗದವರೇ ಹೆಚ್ಚು.

ಅಕ್ಕ ಈಗ ಇಂಟರ್‌ಗೆ ಓದುತ್ತಿದ್ದಾಳೆ. ‘ಸೈನ್ಸ್ ಯಾಕೆ ತಗೊಳ್ಳಲಿಲ್ಲ?’ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಅವಳಲ್ಲ, ಗಲ್ಲಾ ಮುಂದೆ ಕೂತ ಅಪ್ಪ.