ಪಂಪು ನೀರೆತ್ತದಿದ್ದರೆ ಮೊದಲು ನೋಡಬೇಕಾದ್ದು

ಪಂಪು ತಿರುಗುತ್ತದೆ, ನೀರು ಬರುವುದಿಲ್ಲ. ಏಪ್ರಿಲ್-ಮೇಯಲ್ಲಿ ಕರಾವಳಿಯ ತೆರೆದ ಬಾವಿಯವರಿಗೆಲ್ಲ ಗೊತ್ತಿರುವ ತಾಪತ್ರಯ ಇದು. ಎರಡು ವರ್ಷದ ಹಿಂದೆ ನಮ್ಮಲ್ಲಿ ಹೀಗಾದಾಗ ಬಂದ ಮೆಕ್ಯಾನಿಕ್, "ಬಾವಿ ನಂಬಿ ಪ್ರಯೋಜನ ಇಲ್ಲ, ಬೋರು ತೆಗೆಸಿ ಮಾರಾಯ್ರೇ" ಅಂದರು. ಬೋರಿಗೆ ಸಾಲ ಮಾಡಬೇಕು. ಬಾವಿಯಲ್ಲೋ ಎರಡಾಳು ನೀರಿತ್ತು. ಹಾಗಾಗಿ ಒಂದೊಂದನ್ನೇ ಪರೀಕ್ಷಿಸಿದೆ. ಯಾವುದನ್ನು ಮುಟ್ಟುವ ಮೊದಲೂ ಮೈನ್ ಸ್ವಿಚ್ ತೆಗೆಯಿರಿ.

ಫುಟ್‌ವಾಲ್ವ್: ಪಂಪು ನಿಲ್ಲಿಸಿ, ನೀರು ತುಂಬಿಸುವ ಬಾಯಿಯವರೆಗೆ ತುಂಬಿಸಿ ಹತ್ತು ನಿಮಿಷ ಕಾಯಿರಿ. ನೀರು ಕೆಳಗಿಳಿದು, ಮೇಲೆ ಜಾಯಿಂಟುಗಳಲ್ಲಿ ಎಲ್ಲೂ ಸೋರದಿದ್ದರೆ ದೋಷ ಫುಟ್‌ವಾಲ್ವಿನದ್ದು. ನಮ್ಮದರಲ್ಲಿ ಕಡ್ಡಿ ಸಿಕ್ಕಿ ವಾಷರ್ ಹರಿದಿತ್ತು. ಪೈಪನ್ನು ಮೇಲಕ್ಕೆಳೆದು ವಾಷರ್ ಬದಲಿಸಿದೆವು. ಒಬ್ಬರೇ ಬಾವಿಗೆ ಇಳಿಯಬೇಡಿ.

ಗಾಳಿ ಎಳೆಯುವುದು: ನೀರು ನಿಂತಿತು, ಆದರೂ ಧಾರೆ ಕಟ್ಟಿ ಕಟ್ಟಿ ಬರುತ್ತಿತ್ತು. ಸಕ್ಷನ್ ಬದಿಯಲ್ಲಿ ಗಾಳಿ ಸೇರುವ ಲಕ್ಷಣ ಇದು. ಪಂಪು ಓಡುವಾಗ ಜಾಯಿಂಟುಗಳಿಗೆ ಸಾಬೂನಿನ ನೊರೆ ಹಚ್ಚಿ. ತೂತಿದ್ದಲ್ಲಿ ನೊರೆ ಒಳಕ್ಕೆಳೆಯುತ್ತದೆ. ಗ್ಲ್ಯಾಂಡ್ ಹಗ್ಗವನ್ನೂ ನೋಡಿ. ಓಡುವಾಗ ಅಲ್ಲಿ ಹನಿಹನಿ ನೀರು ಬೀಳಬೇಕು. ನಮ್ಮಲ್ಲಿ ಹಗ್ಗ ಒಣಗಿ ಸವೆದಿತ್ತು. ಹೊಸತು ಹಾಕಿದ ಮೇಲೆ ಧಾರೆ ಸರಿಯಾಯ್ತು. ಬೋರಿನ ಮಾತೂ ನಿಂತಿತು.

ಆಳ: ಮೇಲಿಟ್ಟ ಪಂಪು ನೀರನ್ನು ಎಳೆಯುವುದಲ್ಲ, ಹೊರಗಿನ ಗಾಳಿಯ ಒತ್ತಡ ಅದನ್ನು ಮೇಲಕ್ಕೆ ದೂಡುವುದು. ಲೆಕ್ಕದಲ್ಲಿ ಸುಮಾರು 10 ಮೀಟರ್; ಪೈಪಿನ ಘರ್ಷಣೆ ಕಳೆದರೆ 6-7 ಮೀಟರ್ ಅಷ್ಟೆ. ಬೇಸಿಗೆಯಲ್ಲಿ ನೀರು ಅದಕ್ಕಿಂತ ಕೆಳಗೆ ಹೋದರೆ ಅಶ್ವಶಕ್ತಿ ಹೆಚ್ಚಿಸಿ ಫಲವಿಲ್ಲ. ಪಂಪನ್ನೇ ಕೆಳಗಿನ ಮೆಟ್ಟಿಲಿಗೆ ಇಳಿಸಬೇಕು.

ಮೋಟಾರು: ಸಿಂಗಲ್ ಫೇಸ್ ಮೋಟಾರು ಗುಂಯ್‌ಗುಟ್ಟಿ ತಿರುಗದಿದ್ದರೆ ಮೊದಲ ಸಂಶಯ ಕೆಪಾಸಿಟರ್ ಮೇಲಿರಲಿ. ತ್ರೀ ಫೇಸ್‌ನದ್ದು ಲೈನ್ ರಿಪೇರಿಯ ಬಳಿಕ ನೀರು ಕಡಿಮೆ ಕೊಟ್ಟರೆ ತಿರುಗುವ ದಿಕ್ಕು ನೋಡಿ. ಫೇಸ್ ಅದಲುಬದಲಾದರೆ ಉಲ್ಟಾ ತಿರುಗುತ್ತದೆ.

ಮನೆಯ ನಲ್ಲಿ: ಟ್ಯಾಂಕಿ ತುಂಬಿದ್ದೂ ನಲ್ಲಿಯಲ್ಲಿ ನೂಲಿನಂತೆ ಬಂದರೆ ಅದು ಪಂಪಿನ ತಪ್ಪಲ್ಲ. ಪೈಪು ಎಲ್ಲಾದರೂ ಉಬ್ಬಿ ಇಳಿದಿದ್ದರೆ ಆ ಉಬ್ಬಿನಲ್ಲಿ ಗಾಳಿ ಕಟ್ಟಿಕೊಳ್ಳುತ್ತದೆ. ಅಲ್ಲೊಂದು ಗಾಳಿಪೈಪು ಟ್ಯಾಂಕಿಗಿಂತ ಎತ್ತರಕ್ಕೆ ನಿಲ್ಲಿಸಿದರೆ ಸಾಕು.

ಇನ್ನೊಂದು ಅಭ್ಯಾಸ ಒಳ್ಳೆಯದು. ಎಲ್ಲವೂ ಸರಿಯಿರುವಾಗ ಟ್ಯಾಂಕಿ ತುಂಬಲು ಎಷ್ಟು ನಿಮಿಷ ಬೇಕೆಂದು ಪಂಪ್‌ಶೆಡ್ಡಿನ ಗೋಡೆಯಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ತಾಳೆ ನೋಡಿ. ನೀರು ಪೂರ್ತಿ ನಿಲ್ಲುವ ಮೊದಲೇ ಕಾಯಿಲೆ ಗೊತ್ತಾಗುತ್ತದೆ.