*ಕಳ್ಳಿ ಜ್ಯೂಸ್ ಕುಡಿದರೆ ಶುಗರ್ ಮಾತ್ರೆ ಬಿಡಬಹುದೇ?*



ಕಳ್ಳಿ ಜ್ಯೂಸ್ ಅಥವಾ ಪುಡಿಯಿಂದ ಶುಗರ್ ಇಳಿಯುತ್ತದೆ, ಅದು ಮರುಭೂಮಿಯ ಆದಿವಾಸಿಗಳ ಔಷಧ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಆ ಜನ ಅದನ್ನು ನಿಜವಾಗಿ ಹೇಗೆ ಬಳಸುತ್ತಿದ್ದರು, ನೋಡೋಣ.

*ಯಾವ ಕಳ್ಳಿ?*
ನಮ್ಮ ಪಾಪಾಸುಕಳ್ಳಿ. ಮರಾಠಿಯಲ್ಲಿ ನಿವಡುಂಗ, ತಮಿಳಿನಲ್ಲಿ ಸಪ್ಪಾತ್ತಿಕಳ್ಳಿ, ತೆಲುಗಿನಲ್ಲಿ ನಾಗಜೆಮುಡು, ಹಿಂದಿಯಲ್ಲಿ ನಾಗ್‌ಫಣಿ. ಇದರ ತವರು ಅಮೆರಿಕ ಖಂಡ.

*ಅಲ್ಲಿಯವರ ಬಳಕೆ*
ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೋ ನಡುವೆ ಹರಡಿರುವ ಸೊನೊರಾ ಮರುಭೂಮಿಯಲ್ಲಿ ಟೊಹೊನೊ ಓಡಮ್ ಮತ್ತು ಪೀಮಾ ಜನರಿದ್ದಾರೆ. ಅವರು ಪಾಪಾಸುಕಳ್ಳಿಯ ಎಳೆಯ ಹಾಳೆಗಳ ಮುಳ್ಳು ತೆಗೆದು ಬೇಯಿಸಿ ತಿನ್ನುತ್ತಿದ್ದರು. ಚೋಯಾ ಎಂಬ ಇನ್ನೊಂದು ಕಳ್ಳಿಯ ಮೊಗ್ಗನ್ನು ವಸಂತದಲ್ಲಿ ಚಿಮಟದಿಂದ ಕಿತ್ತು, ಬೇಯಿಸಿ ಒಣಗಿಸಿ ವರ್ಷಕ್ಕೆ ಇಟ್ಟುಕೊಳ್ಳುತ್ತಿದ್ದರು. ಆಳೆತ್ತರ ಮೀರಿದ ಸವಾರೋ ಕಳ್ಳಿಯ ಹಣ್ಣನ್ನು ಮಳೆಗೆ ಮುಂಚೆ ಉದ್ದ ಕೋಲಿನಿಂದ ಕೆಡವಿ ಪಾಕ ಕಾಯಿಸುತ್ತಿದ್ದರು. ಅದನ್ನೇ ಹುಳಿಹಿಡಿಸಿ ಮಳೆ ಕರೆಯುವ ಪೂಜೆಯಲ್ಲಿ ಕುಡಿಯುತ್ತಿದ್ದರು. ಗಾಯ, ಬಾವಿಗೆ ಪಾಪಾಸುಕಳ್ಳಿಯ ಹಾಳೆ ಸೀಳಿ ಕಟ್ಟುವುದೂ ಇತ್ತು. ಆದರೆ ಮುಖ್ಯವಾಗಿ ಕಳ್ಳಿ ಅವರಿಗೆ *ಊಟ*.

*ಅದರಲ್ಲಿ ಏನಿದೆ?*
ಬೆಂಡೆಕಾಯಿಯಂತೆ ಲೋಳೆ, ಅಂದರೆ ನೀರಿನಲ್ಲಿ ಕರಗುವ ನಾರು. ಊಟದ ಜೊತೆ ತಿಂದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಉಪಯೋಗ ಅಷ್ಟೇ. ಅದು ಶುಗರ್ ವಾಸಿ ಮಾಡುವುದಿಲ್ಲ.

*ಮುಂದೇನಾಯಿತು?*
19ನೇ ಶತಮಾನದ ಕೊನೆಗೆ ಹೊಸದಾಗಿ ಬಂದು ನೆಲೆಸಿದವರು ಪೀಮಾ ಜನರ ಹೀಲಾ ನದಿಯ ನೀರನ್ನು ಮೇಲೆಯೇ ತಿರುಗಿಸಿಕೊಂಡರು. ಹೊಲ ಒಣಗಿತು. ಕ್ರಮೇಣ ಮೈದಾ, ಸಕ್ಕರೆ, ಕೊಬ್ಬು ತಟ್ಟೆಗೆ ಬಂದವು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರಿಜೋನಾದ ಪೀಮಾ ವಯಸ್ಕರಲ್ಲಿ ಶುಗರ್ ಕಾಯಿಲೆ ಶೇ. 38ರಷ್ಟಿತ್ತು. ಮೆಕ್ಸಿಕೋದ ಗುಡ್ಡಗಳಲ್ಲಿ ಹಳೆಯ ರೀತಿಯ ಊಟ, ಮೈಮುರಿಯುವ ದುಡಿಮೆ ಉಳಿಸಿಕೊಂಡಿದ್ದ ಅವರದೇ ನೆಂಟರಲ್ಲಿ ಶೇ. 7ರ ಆಸುಪಾಸು. ಒಂದೇ ಮೂಲದ ಜನ. ಬದುಕು ಬೇರೆಯಾಯಿತು.

*ನಾವೇನು ಮಾಡಬೇಕು?*
1. ಮಾತ್ರೆ ನಿಲ್ಲಿಸಬೇಡಿ. ಹತೋಟಿ ತಪ್ಪಿದ ಶುಗರ್ ಹೃದಯದ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಶುಗರ್ ಇರುವವರಿಗೆ ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗುವುದುಂಟು.
2. ಕಳ್ಳಿ ಪುಡಿ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ಡಾಕ್ಟರಿಗೆ ತಿಳಿಸಿ. ಮಾತ್ರೆಯ ಜೊತೆ ಸೇರಿ ಶುಗರ್ ತೀರಾ ಇಳಿಯಬಹುದು.
3. ಕಿತ್ತರೆ ಬಿಳಿ ಹಾಲು ಸುರಿಯುವ ಕಳ್ಳಿಗಳೇ ಬೇರೆ, ಅವು ವಿಷ. ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.
4. ನಾರು ಬೇಕಾದರೆ ಕಳ್ಳಿ ಹುಡುಕಬೇಕಿಲ್ಲ. ಜೋಳದ ರೊಟ್ಟಿ, ರಾಗಿ ಮುದ್ದೆ, ಹುರುಳಿ, ಮೆಂತ್ಯ, ಬೆಂಡೆಕಾಯಿ ಸಾಕು. ಊರು ಬಿಟ್ಟು ಬಂದ ನಾವು ಪಾವ್, ಬಿಸ್ಕತ್ತು, ನೂಡಲ್ಸಿಗೆ ಒಗ್ಗಿಹೋಗಿದ್ದೇವೆ. ದಿನಕ್ಕೆ ಒಂದು ಹೊತ್ತಾದರೂ ಅಜ್ಜಿಯ ಕಾಲದ ಊಟ ಮಾಡಿ, ಅರ್ಧ ಗಂಟೆ ನಡೆಯಿರಿ.

ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ಇದನ್ನು ಅವರಿಗೆ ಓದಿ ಹೇಳಿ.